ಮೂಗಿನ ನೇರಕ್ಕೆ ಹಿಡಿದ ಕನ್ನಡಿ

ವಿಶಾಖಪಟ್ಟಣ
ಮಾರ್ಚ್ ೨, ೧೯೯೩, ಮಂಗಳವಾರ

ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸೋರಿ ರವಿಕೆ ಒದ್ದೆಯಾಯಿತು. ನಿದ್ದೆಗಣ್ಣಿರಬೇಕು ಎಂದುಕೊಂಡು ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಸೋರಿತು. ಎರಡು ದಿನದಿಂದ ಎಡಗಿವಿಯ ಹಿಂದೆ ನೋಯುತ್ತಿತ್ತು. ಸಮುದ್ರದ ಗಾಳಿ ಎಂದು ಹತ್ತಿ ತುರುಕಿಕೊಂಡು ಸುಮ್ಮನಿದ್ದೆ.

ಮನೆಯ ಮುಂದಿನ ಕೋಣೆಯೇ ನನ್ನ ಬ್ಯೂಟಿ ಪಾರ್ಲರ್. ಅಲ್ಲಿಗೆ ಬಂದು ದೀಪ ಹಾಕಿ ಕನ್ನಡಿಯ ಎದುರು ನಿಂತೆ. ಎಡಗಡೆಯ ಮುಖ ಇಳಿದುಬಿಟ್ಟಿದೆ. ಹುಬ್ಬು ಏಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಬಾಯಿಯ ಮೂಲೆ ಜೋತುಬಿದ್ದಿದೆ. ಬಲಗಡೆ ಮಾತ್ರ ತನಗೇನೂ ಗೊತ್ತಿಲ್ಲದ ಹಾಗೆ ಎಂದಿನಂತೆ ಇದೆ. ನೋಡುತ್ತಾ ನೋಡುತ್ತಾ ಕುರ್ಚಿ ಹಿಡಿದು ಕೂತುಬಿಟ್ಟೆ.

ನನ್ನ ಜೊತೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿರುವ ಗಂಗಾಭವಾನಿ ಬಂದವಳೇ "ಏಮೈಂದಕ್ಕಾ, ಏನಾಯಿತು?" ಎಂದು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಬಂದಳು. ಅವಳೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪಾರ್ಶ್ವವಾಯು ಅಲ್ಲವಂತೆ. ಮುಖದ ನರ ಊದಿಕೊಂಡಿದೆಯಂತೆ. ಮಾತ್ರೆ ಬರೆದುಕೊಟ್ಟರು. ರಾತ್ರಿ ಎಡಗಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಹಾಕಿಕೊಂಡು ಮಲಗಬೇಕು. ಬಹಳ ಜನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ ಎಂದರು ಡಾಕ್ಟರು. ನಾನು ಯಾರ ಪೈಕಿ ಎಂದು ಕೇಳುವ ಧೈರ್ಯವಾಗಲಿಲ್ಲ.

ಎಸ್‌ಟಿಡಿ ಬೂತಿನಿಂದ ವಿಜಯವಾಡಕ್ಕೆ, ನಮ್ಮ ಯಜಮಾನರ ಬ್ಯಾಂಕಿಗೆ ಫೋನು ಮಾಡಿದೆ. "ಮುಖ" ಎನ್ನಲು ಹೋದರೆ ತುಟಿ ಕೂಡುವುದಿಲ್ಲ. ಪ ಫ ಬ ಭ ಮ, ಒಂದನೇ ತರಗತಿಯಲ್ಲಿ ಕಲಿತ ಆ ಇಡೀ ಸಾಲೇ ಹೋಗಿಬಿಟ್ಟಿದೆ. ಇವರಿಗೆ "ಸುಖ" ಎಂದು ಕೇಳಿಸಿತಂತೆ.

"ಸುಖವಾಗಿದ್ದೀಯಲ್ಲ, ಮತ್ತೆ ಈ ಹೊತ್ತಲ್ಲಿ ಯಾಕೆ ಫೋನು?" ಎಂದರು.

ಗಂಗಾಭವಾನಿಯೇ ರಿಸೀವರ್ ಕಿತ್ತುಕೊಂಡು ತೆಲುಗಿನಲ್ಲಿ ಹೇಳಿದಳು.

ಮಾರ್ಚ್ ೪

ಸುಮ್ಮನೆ ಒಳಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಇವತ್ತು ಪಾರ್ಲರಿಗೆ ಬಂದೆ. ಬರಬಾರದಿತ್ತು.

ಈ ಕನ್ನಡಿಯನ್ನು ನಾನೇ ನಿಂತು ಮಾಡಿಸಿದ್ದು. ದಪ್ಪ ಗಾಜು, ಅಂಚು ಸವರಿದ್ದು. ಮೇಲ್ಭಾಗ ಗೋಡೆಗೆ ಒರಗಿ ಕೆಳಭಾಗ ಒಂದು ಬೆರಳಿನಷ್ಟು ಮುಂದೆ ಬರುವಂತೆ ಕೂರಿಸಿದ್ದೇನೆ. ಕೂತವರ ಕುತ್ತಿಗೆ ಉದ್ದವಾಗಿ ಕಾಣುತ್ತದೆ, ಗಲ್ಲದ ಕೆಳಗಿನ ಮಡಿಕೆ ಮರೆಯಾಗುತ್ತದೆ. ದೀಪ ಮೇಲಿಂದ ಬೀಳದೆ ಎರಡೂ ಪಕ್ಕದಿಂದ ಬರುತ್ತದೆ, ಅದೂ ಹಳದಿ ಬಲ್ಬು. ಟ್ಯೂಬ್‌ಲೈಟಿನ ಕೆಳಗೆ ಯಾವ ಹೆಂಗಸಿಗೂ ತನ್ನ ಮುಖ ಇಷ್ಟವಾಗುವುದಿಲ್ಲ. ಇದರ ಮುಂದೆ ಕೂತವರು ಎದ್ದುಹೋಗುವಾಗ ಬಂದಾಗಿದ್ದಕ್ಕಿಂತ ಸ್ವಲ್ಪ ನೆಟ್ಟಗೆ ನಡೆಯುತ್ತಾರೆ. ಅದನ್ನು ನೋಡುವುದೇ ನನಗೆ ಹೆಮ್ಮೆಯಾಗಿತ್ತು.

ಬಂದರಿನ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಹುಬ್ಬು ತಿದ್ದಿಸಿಕೊಳ್ಳಲು ಬಂದರು. ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಶುರುಮಾಡಿದೆ. ಹಲ್ಲಿಗೇನೂ ಆಗಿಲ್ಲ, ದಾರ ಗಟ್ಟಿಯಾಗಿಯೇ ನಿಂತಿತು. ಎರಡನೇ ಹುಬ್ಬಿಗೆ ಬಾಗುವಾಗ ನನ್ನ ಬಾಯಿಯ ಮೂಲೆಯಿಂದ ಜೊಲ್ಲು ಅವರ ಕೆನ್ನೆಯ ಮೇಲೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಅವರು ಕಣ್ಣು ಬಿಟ್ಟಾಗ ಗೊತ್ತಾಯಿತು.

"ಪರವಾಲೇದಂಡಿ" ಎಂದು ಸೆರಗಿನಿಂದ ಒರೆಸಿಕೊಂಡರು. ಒಳ್ಳೆಯವರು. ಆದರೆ ಕನ್ನಡಿಯಲ್ಲಿ ಅವರ ಮುಖದ ಪಕ್ಕದಲ್ಲೇ ನನ್ನದೂ ಇತ್ತು. ಇಬ್ಬರೂ ಒಟ್ಟಿಗೆ ನೋಡಿದೆವು, ಇಬ್ಬರೂ ಒಟ್ಟಿಗೆ ಬೇರೆ ಕಡೆ ನೋಡಿದೆವು.

ಉಳಿದ ಹುಬ್ಬನ್ನು ಗಂಗಾಭವಾನಿ ಮುಗಿಸಿದಳು.

ಮಾರ್ಚ್ ೧೧

ಇವರು ರಜೆ ಹಾಕಿ ಬಂದಿದ್ದಾರೆ. ನಾಳೆ ನನ್ನನ್ನು ವಿಜಯವಾಡಕ್ಕೆ ಕರೆದುಕೊಂಡು ಹೋಗುತ್ತಾರೆ. ಕಳೆದ ಜೂನಿನಲ್ಲಿ ವರ್ಗವಾದಾಗ ಎಷ್ಟು ಕರೆದರೂ ಹೋಗಿರಲಿಲ್ಲ. ಚಿತ್ರದುರ್ಗದಿಂದ ಬಂದು ಭಾಷೆ ಕಲಿತು, ಒಬ್ಬೊಬ್ಬರನ್ನೇ ಗಿರಾಕಿ ಮಾಡಿಕೊಂಡು ಕಟ್ಟಿದ್ದನ್ನು ಬಿಟ್ಟು ಯಾಕೆ ಬರಲಿ ಎಂದು ಜಗಳವಾಡಿದ್ದೆ. ಮಗಳು ಶಾರದಾ ಅಲ್ಲಿ ಊರಾಚೆಯ ಕಾಲೇಜಿನ ಹಾಸ್ಟೆಲಿಗೆ ಸೇರಿದಳು, ಇವರು ಒಬ್ಬರೇ ಮನೆ ಮಾಡಿದರು. ನಾನು ನನ್ನ ಪಾರ್ಲರಿನ ಜೊತೆ ಇಲ್ಲೇ ಉಳಿದೆ. ಈಗ ಅವರು ಕರೆಯುವ ಮೊದಲೇ ನಾನೇ ಪೆಟ್ಟಿಗೆ ತುಂಬಿದೆ.

ಗಂಗಾಭವಾನಿಗೆ ಬೀಗದ ಕೈ ಕೊಟ್ಟೆ. "ನೀವು ಬರೋತನಕ ನೋಡ್ಕೋತೀನಿ ಅಕ್ಕಾ" ಎಂದಳು. ಅಳಬೇಕೆನಿಸಿತು. ಎಡಗಣ್ಣು ಹೇಗೂ ಇಡೀ ದಿನ ಸೋರುತ್ತಲೇ ಇರುತ್ತದೆ, ಅಳು ಯಾವುದು ಕಾಯಿಲೆ ಯಾವುದು ಅವಳಿಗೆ ತಿಳಿಯಲಿಲ್ಲ.

ವಿಜಯವಾಡ
ಮಾರ್ಚ್ ೧೫

ಗವರ್ನರ್‌ಪೇಟೆಯ ಗಲ್ಲಿಯೊಂದರಲ್ಲಿ ಮಹಡಿ ಮನೆ. ಕೆಳಗೆ ಪಾತ್ರೆಯ ಸಗಟು ಅಂಗಡಿ. ಬೆಳಗಿನಿಂದ ತಪ್ಪಲೆಗಳ ಸದ್ದು, ಆಟೋಗಳ ಸದ್ದು. ಬಿಸಿಲು ಈಗಲೇ ಕಣ್ಣಿಗೆ ಚುಚ್ಚುತ್ತದೆ. ಕಿಟಕಿಯಿಂದ ಇಂದ್ರಕೀಲಾದ್ರಿ ಬೆಟ್ಟದ ಒಂದು ತುಂಡು ಕಾಣುತ್ತದೆ.

ಮನೆಯಲ್ಲಿ ಒಂದೂ ಕನ್ನಡಿಯಿಲ್ಲ.

"ಕ್ಷೌರ ಹೆಂಗೆ ಮಾಡ್ಕೋತೀರಿ?" ಎಂದೆ.

"ಕೈ ಅಂದಾಜಿನ ಮೇಲೆ. ಇಷ್ಟು ವರ್ಷ ಆಯ್ತು, ನನ್ನ ಮುಖ ನನಗೆ ಗೊತ್ತಿಲ್ವಾ?"

ಗಲ್ಲದ ಮೇಲೆ ಎರಡು ಕಡೆ ಕೊಯ್ದುಕೊಂಡಿದ್ದಾರೆ. ಪೇಪರಿನ ಚೂರು ಅಂಟಿಸಿಕೊಂಡು ಬ್ಯಾಂಕಿಗೆ ಹೋದರು.

ಊಟಕ್ಕೆ ಅವರ ಜೊತೆ ಕೂರುವುದಿಲ್ಲ. ಅನ್ನ ಎಡಗೆನ್ನೆಯೊಳಗೆ ನಿಂತುಬಿಡುತ್ತದೆ, ಬೆರಳು ಹಾಕಿ ತೆಗೆಯಬೇಕು. ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ಒಬ್ಬಳೇ ತಿನ್ನುತ್ತೇನೆ.

ಮಾರ್ಚ್ ೧೮

ಇವರ ಟಿಫಿನ್ ಚೀಲ ತೊಳೆಯಲು ತೆಗೆದರೆ ಕೆಳಗೆ, ಟವಲಿನಲ್ಲಿ ಸುತ್ತಿದ ಕ್ಷೌರದ ಕನ್ನಡಿ. ದಿನಾ ಬ್ಯಾಂಕಿಗೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರುತ್ತಿದ್ದಾರೆ!

"ನನ್ನ ಮುಖ ನೋಡೋಕಾಗಲ್ಲ ಅಲ್ವಾ ನಿಮಗೆ?" ಎಂದು ಕೇಳಿಯೇಬಿಟ್ಟೆ.

"ನನಗಲ್ಲ ಸುಲೋಚನಾ. ನೀನು ನೋಡ್ಕೊಂಡು ಸಂಕಟಪಡ್ತೀಯ ಅಂತ..."

"ಕನ್ನಡಿಯಲ್ಲಿ ನೋಡೋದು ನಾನು. ನೀವು ಎದುರಿಗೇ ನೋಡಬೇಕು. ಅದಕ್ಕೇನು ಮಾಡ್ತೀರ, ನನ್ನನ್ನೂ ಟವಲಲ್ಲಿ ಸುತ್ತಿಡ್ತೀರಾ?"

ಸಿಟ್ಟಿನಲ್ಲಿ ಮಾತು ಇನ್ನೂ ಸೋರುತ್ತದೆ. ಅರ್ಧ ಅವರಿಗೆ ತಿಳಿಯಲಿಲ್ಲವೇನೋ. ಹತ್ತು ನಿಮಿಷ ಬಾಲ್ಕನಿಯಲ್ಲಿ ನಿಂತಿದ್ದು ಬಂದರು. ಕನ್ನಡಿಯನ್ನು ಬಚ್ಚಲ ಕಿಟಕಿಯಲ್ಲಿಟ್ಟರು.

"ಮೊದಲ ದಿನ ಹೆದರಿದ್ದೆ, ನಿಜ," ಎಂದರು. "ಈಗ ಇಲ್ಲ."

ನಂಬಲಿಲ್ಲ. ನಂಬಲು ಮನಸ್ಸಿಗೆ ಕಸುವೂ ಇಲ್ಲ.

ಮಾರ್ಚ್ ೨೪, ಯುಗಾದಿ

ಬೇವು ಬೆಲ್ಲ ತಿಂದರೆ ನಾಲಿಗೆಯ ಬಲಗಡೆ ಮಾತ್ರ ರುಚಿ. ಎಡಗಡೆ ಮಣ್ಣು. ಕೆಳಗಿನ ಅಂಗಡಿಯವರು ಕೊಟ್ಟ ಯುಗಾದಿ ಪಚ್ಚಡಿಯೂ ಅಷ್ಟೆ.

ಏಪ್ರಿಲ್ ೪, ಭಾನುವಾರ

ತಂದೆತಾಯಿಗಳು ಹಾಸ್ಟೆಲಿಗೆ ಹೋಗುವ ದಿನ. ಚಕ್ಕುಲಿ ಮಾಡಿ ಡಬ್ಬಿಗೆ ತುಂಬಿ, ಸೀರೆಯುಟ್ಟು, ಬಾಗಿಲವರೆಗೂ ಹೋಗಿ ವಾಪಸು ಬಂದೆ. ಇವರು ಒಬ್ಬರೇ ಹೋದರು. ಶಾರದಾ ಡಬ್ಬಿ ಮುಟ್ಟಲಿಲ್ಲವಂತೆ.

"ಅಮ್ಮ ಬರ್ತಾಳೆ ಅಂತ ಎಲ್ಲರಿಗೂ ಹೇಳಿದ್ದೆ ನಾನ್ನಾ" ಎಂದಳಂತೆ. ಅಪ್ಪನನ್ನು ಅವಳು ಈಗ ತೆಲುಗಿನವರ ಹಾಗೆ ನಾನ್ನಾ ಎಂದೇ ಕರೆಯುವುದು. "ಮುಖದ ವಿಷಯಾನೂ ಹೇಳಿದ್ದೆ. ಅವರಿಗೆಲ್ಲ ಗೊತ್ತು. ಅವಳಿಗೇ ಗೊತ್ತಿಲ್ಲ, ನನಗೆ ಏನೂ ಅನ್ನಿಸಲ್ಲ ಅಂತ."

ಇವರು ಹೇಳಿದ್ದನ್ನೆಲ್ಲ ಕೇಳಿ ಹೋಗಿ ಮಲಗಿದೆ. ಹದಿನಾರು ವರ್ಷದ ಹುಡುಗಿ. ಅವಳ ಗೆಳತಿಯರ ಎದುರು ನನ್ನ ಬಾಯಿ ಸೊಟ್ಟಗಾಗುವುದನ್ನು ಅವಳು ನೋಡಿಲ್ಲ.

ಏಪ್ರಿಲ್ ೧೨

ಕಾಯಿಲೆ ಆರು ವಾರವಾದರೂ ಹೋಗಿಲ್ಲ ಎಂದು ಇಲ್ಲಿಯ ಡಾಕ್ಟರು ವ್ಯಾಯಾಮ ಮಾಡಿಸುವವರ ಹತ್ತಿರ ಕಳಿಸಿದರು. ಸೂರ್ಯಪ್ರಕಾಶ ಎಂದು ಹೆಸರು, ಐವತ್ತು ದಾಟಿದವರು. ಕೆನ್ನೆಗೆ ಸಣ್ಣಗೆ ಕರೆಂಟು ಕೊಟ್ಟರು. ಮೇಣದ ಬತ್ತಿ ಊದಿಸಿದರು, ಆರಲಿಲ್ಲ. ಆ, ಈ, ಊ ಹೇಳಿಸಿದರು.

ಆಮೇಲೆ ಮೇಜಿನ ಮೇಲಿನ ಕನ್ನಡಿಯ ಎದುರು ಕೂರಿಸಿ, ಇನ್ನೊಂದು ಉದ್ದನೆಯ ಕೈಗನ್ನಡಿಯ ಅಂಚನ್ನು ನನ್ನ ಹಣೆಯಿಂದ ಗಲ್ಲದವರೆಗೆ ಸರಿಯಾಗಿ ಮೂಗಿನ ನೇರಕ್ಕೆ ಹಿಡಿದರು. ಅದರ ಮುಖ ಬಲಗಡೆಗೆ. ಕೆಟ್ಟ ಕೆನ್ನೆ ಅದರ ಹಿಂದೆ ಮರೆಯಾಯಿತು. ಒಳ್ಳೆಯ ಅರ್ಧ ಮತ್ತು ಅದರ ಪ್ರತಿಬಿಂಬ ಕೂಡಿ ಒಂದು ಪೂರ್ತಿ ಮುಖವಾಯಿತು.

"ಈಗ ನಗಿ ಅಮ್ಮಾ."

ನಕ್ಕೆ. ಅವಳು ಪೂರ್ತಿಯಾಗಿ ನಕ್ಕಳು, ಎರಡೂ ಕಡೆ.

ಎಡಗೆನ್ನೆಗೆ ನಗು ಮರೆತುಹೋಗಿರುತ್ತದೆ, ಹೀಗೆ ಕಣ್ಣಿಗೆ ತೋರಿಸಿ ನೆನಪು ಮಾಡಿಕೊಡಬೇಕು ಎಂದು ಅವರ ಲೆಕ್ಕ. ಫಲ ಸಿಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದೆ.

ಏಪ್ರಿಲ್ ೨೧

ಇವರಿಗೆ ಹೇಳಿ ಎರಡು ಕನ್ನಡಿ ತರಿಸಿದ್ದೇನೆ. ದಿನಕ್ಕೆ ಎರಡು ಸಲ ಮಾಡಿ ಎಂದಿದ್ದಾರೆ ಸೂರ್ಯಪ್ರಕಾಶ. ಇವರು ಬ್ಯಾಂಕಿಗೆ ಹೋದ ಮೇಲೆ ನಾನು ಕೂತರೆ ಕೈ ಸೋಲುವವರೆಗೂ ಕೂರುತ್ತೇನೆ. ಅವಳು ಚೆನ್ನಾಗಿದ್ದಾಳೆ. ನನ್ನ ಮೂವತ್ತನೇ ವಯಸ್ಸಿನಲ್ಲಿ ನಾನು ಹೀಗಿದ್ದೆನೇ? ನೆನಪಾಗುವುದಿಲ್ಲ. ಮುಖ ಸ್ವಲ್ಪ ಕಿರಿದು, ತುಟಿ ಸಣ್ಣದು. ಯಾರೋ ಅನುಕೂಲಸ್ಥರ ಮನೆಯ ಹೆಂಗಸಿನ ಹಾಗಿದ್ದಾಳೆ.

ಕೈ ಇಳಿಸಿದ ಕೂಡಲೇ ನಾನು ಬರುತ್ತೇನೆ. ಆ ಒಂದು ಕ್ಷಣ ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ.

ಏಪ್ರಿಲ್ ೨೯

ಗಂಗಾಭವಾನಿ ಫೋನು ಮಾಡಿದ್ದಳು, ಕೆಳಗಿನ ಅಂಗಡಿಗೆ. ಮದುವೆ ಸೀಸನ್ನು, ಕೂರಲು ಹೊತ್ತಿಲ್ಲವಂತೆ. "ಎಲ್ಲರೂ ನಿಮ್ಮನ್ನು ಕೇಳ್ತಾರೆ ಅಕ್ಕಾ" ಎಂದಳು. ಎಲ್ಲರೂ ಕೇಳಿ, ಕೂತು, ಮಾಡಿಸಿಕೊಂಡು ಹೋಗುತ್ತಾರೆ. ಅವಳ ದನಿಯಲ್ಲಿ ದಣಿವು ಇತ್ತು, ಒಳ್ಳೆಯ ದಣಿವು. ಹೊಟ್ಟೆಕಿಚ್ಚಾಯಿತು.

ಮೇ ೩

ಬಿಸಿಲು. ಏನೂ ಇಲ್ಲ.

ಮೇ ೬

ಅದೇ.

ಮೇ ೯, ಭಾನುವಾರ

ಶಾರದಾ ರಜೆಗೆ ಬಂದಿದ್ದಾಳೆ. ಬಂದವಳು ಬಾಗಿಲಲ್ಲೇ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಸರಿ, ಹಸಿವಾಗ್ತಿದೆ" ಎಂದಳು.

ಸಂಜೆ ನಾನು ಕನ್ನಡಿ ಹಿಡಿದು ಕೂತಿದ್ದಾಗ ಹಿಂದೆ ಬಂದು ನಿಂತಳು.

"ಯಾರಮ್ಮಾ ಇದು?"

"ನಾನೇ. ಬಲಗಡೆಯ ನಾನು."

"ನೀನಲ್ಲ. ಟೀವಿಯಲ್ಲಿ ಸೋಪು ಮಾರೋಳ ಥರ ಇದ್ದಾಳೆ. ನೀನು ಯಾವತ್ತು ಹೀಗೆ ಎರಡು ಪಕ್ಕ ನಕ್ಕಿದ್ದೆ? ಮೊದಲಿಂದಾನೂ ನೀನು ನಗೋದು ಒಂದೇ ಪಕ್ಕ. ನಾನ್ನಾನ ಬೈಯೋಕೆ ಮುಂಚೆ ಹೀಗೆ..." ಎಂದು ತೋರಿಸಿದಳು. ಇವರು ಪೇಪರಿನ ಹಿಂದಿನಿಂದ ಹೌದೆಂದರು.

ಹಳೆಯ ಫೋಟೋ ತೆಗೆದು ನೋಡಿದೆವು. ಹೌದು. ನಲವತ್ತೊಂದು ವರ್ಷದಲ್ಲಿ ನನಗೇ ಗೊತ್ತಿರಲಿಲ್ಲ. ಎಷ್ಟು ಹೆಂಗಸರ ಹುಬ್ಬು ಒಂದಕ್ಕೊಂದು ಸಮವಿಲ್ಲವೆಂದು ತಿದ್ದಿದ್ದೇನೆ.

ಮೇ ೧೪

ಮೂರು ದಿನದಿಂದ ಮೂಗಿನ ಕನ್ನಡಿ ಹಿಡಿದಿಲ್ಲ. ಶಾರದಾ ಇರುವಾಗ ಆ ಕನ್ನಡಿಯವಳು ಬೇಡ. ಬರೀ ಮೇಜಿನ ಕನ್ನಡಿಯಲ್ಲೇ ಆ, ಈ, ಊ ಮಾಡುತ್ತೇನೆ. ಇವತ್ತು ಮೇಣದ ಬತ್ತಿ ಆರಿತು. ಫ್ಯಾನಿನ ಗಾಳಿಗೆ ಎಂದು ಇವರು. ಇಲ್ಲ, ಫ್ಯಾನು ಹಾಕಿರಲಿಲ್ಲ, ಕರೆಂಟೇ ಇರಲಿಲ್ಲ!

ಮೇ ೨೦

ಮಧ್ಯಾಹ್ನ ವಿಶಾಖಪಟ್ಟಣದ ಲಕ್ಷ್ಮೀಕಾಂತಮ್ಮ ವಿಳಾಸ ಹುಡುಕಿಕೊಂಡು ಬಂದರು. ಅವರ ಯಜಮಾನರು ಬಂದರಿನಲ್ಲಿ ಅಧಿಕಾರಿ. ಮಗಳು ವಿಜಯಲಕ್ಷ್ಮಿಯ ಮದುವೆ ಜೂನ್ ಒಂಬತ್ತಕ್ಕೆ, ಇಲ್ಲೇ, ಅವರ ಸ್ವಂತ ಊರಿನಲ್ಲಿ. ಹುಡುಗಿಗೆ ಎರಡೂ ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿವೆ. ಎರಡು ವರ್ಷದಿಂದ ನನ್ನ ಹತ್ತಿರವೇ ಬರುತ್ತಿದ್ದಳು. ಮೊದಲ ದಿನ ಕನ್ನಡಿಗೆ ಬೆನ್ನು ಮಾಡಿಯೇ ಕೂತಿದ್ದಳು.

ಲಕ್ಷ್ಮೀಕಾಂತಮ್ಮ ನನ್ನನ್ನು ನೋಡಿದರು, ನೆಲ ನೋಡಿದರು, ಮತ್ತೆ ನೋಡಿದರು. "ಇಷ್ಟು ಅಂತ ಅಂದ್ಕೊಂಡಿರಲಿಲ್ಲಮ್ಮಾ" ಎಂದರು.

ಗಂಗಾಭವಾನಿಯನ್ನು ಕರೆಸಿಕೊಳ್ಳಿ, ಚೆನ್ನಾಗಿ ಮಾಡುತ್ತಾಳೆ ಎಂದೆ.

"ಕರೆಸ್ತೀನಿ. ಆದರೆ ನಮ್ಮ ಹುಡುಗಿ ನೀವೇ ಇರಬೇಕು ಅಂತಾಳೆ. ಮುಟ್ಟದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಇರಿ."

ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಶಾರದಾ ಒಳಗಿನಿಂದ ಕಾಫಿ ತಂದು, "ಅಮ್ಮ ಬರ್ತಾಳೆ ಆಂಟೀ" ಎಂದುಬಿಟ್ಟಳು.

ಜೂನ್ ೧೦

ನಿನ್ನೆ ಬರೆಯಲಾಗಲಿಲ್ಲ. ಸೊಂಟ ಈಗಲೂ ನೆಟ್ಟಗಾಗಿಲ್ಲ.

ಬೆಳಗಾಗುವಷ್ಟರಲ್ಲಿ ಕಲ್ಯಾಣ ಮಂಟಪಕ್ಕೆ ಹೋದೆ. ಗಂಗಾಭವಾನಿ ಮೊದಲೇ ಬಂದಿದ್ದಳು, ನನ್ನನ್ನು ನೋಡಿ ಓಡಿಬಂದು ಕೈ ಹಿಡಿದಳು. ವಧುವಿನ ಕೋಣೆಯ ಬಾಗಿಲಲ್ಲಿ ಹುಡುಗಿಯ ಸೋದರತ್ತೆ ಕೋಟೇಶ್ವರಮ್ಮ ನಿಂತಿದ್ದರು. ದೊಡ್ಡ ಕುಂಕುಮ, ದೊಡ್ಡ ದನಿ. ನನ್ನನ್ನು ತಡೆಯಲಿಲ್ಲ. ಲಕ್ಷ್ಮೀಕಾಂತಮ್ಮನನ್ನು ಪಕ್ಕಕ್ಕೆ ಕರೆದು, ನನಗೆ ಕೇಳುವ ಹಾಗೆಯೇ ಹೇಳಿದರು, ಶುಭ ಸಮಯದಲ್ಲಿ ಹುಡುಗಿ ಮೊದಲು ನೋಡುವ ಮುಖ ಸರಿಯಾಗಿರಬೇಕು ಎಂದು. ಲಕ್ಷ್ಮೀಕಾಂತಮ್ಮ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನೇ, "ಪಕ್ಕದ ಕೋಣೆಯಲ್ಲಿ ಇರ್ತೀನಿ" ಎಂದೆ. ಸಿಟ್ಟು ಬರಲಿಲ್ಲ. ಬೆಳಿಗ್ಗೆ ಬೇಗ ಎದ್ದದ್ದಕ್ಕೆ ಕೂರಲು ಒಂದು ಜಾಗ ಸಿಕ್ಕಿದರೆ ಸಾಕಾಗಿತ್ತು. ಅಕ್ಕಿ ಮೂಟೆಗಳ ನಡುವೆ ಒಂದು ಕುರ್ಚಿ ಇತ್ತು.

ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಗಂಗಾಭವಾನಿ ಬಾಗಿಲಿಗೆ ಬಂದಳು, ಮುಖವೆಲ್ಲ ಬೆವರು.

"ಅಕ್ಕಾ, ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಕನ್ನಡಿ ನೋಡಿ ಅಳ್ತಿದ್ದಾಳೆ."

ಎದ್ದು ಹೋದೆ. ಹೋಗಬೇಕೋ ಬೇಡವೋ ಎಂದು ಯೋಚಿಸಿದ ನೆನಪಿಲ್ಲ. ಕೋಣೆಯೊಳಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ತಲೆಯ ಮೇಲೆ ಟ್ಯೂಬ್‌ಲೈಟು. ಬೀರುವಿನ ಬಾಗಿಲಿನ ಕನ್ನಡಿ, ತೆಳು ಗಾಜು, ಹಿಂದೆ ಬಳಿದ ಪಾದರಸ ಅಲ್ಲಲ್ಲಿ ಕಪ್ಪಾಗಿದೆ. ಮೇಲಿನಿಂದ ಬೀಳುವ ಬೆಳಕಿಗೆ ಒಂದೊಂದು ಕಲೆಯೂ ಒಂದೊಂದು ಗುಂಡಿಯಾಗಿ ನೆರಳು ಕಟ್ಟಿತ್ತು. ಅದನ್ನು ಮುಚ್ಚಲು ಗಂಗಾಭವಾನಿ ಪೌಡರು ಮೆತ್ತಿದ್ದಳು, ಹುಡುಗಿ ಅತ್ತು ಅದೂ ಗೆರೆಗೆರೆಯಾಗಿತ್ತು.

"ಲೈಟು ಆರಿಸು. ಕಿಟಕಿ ತೆಗಿ," ಎಂದೆ ಗಂಗಾಭವಾನಿಗೆ. ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿದೆ. ಒದ್ದೆ ಹತ್ತಿಯಿಂದ ಎಲ್ಲವನ್ನೂ ಒರೆಸತೊಡಗಿದೆ.

ಕೋಟೇಶ್ವರಮ್ಮ ಒಳಗೆ ಬಂದರು. "ಇಷ್ಟು ಹೇಳಿದರೂ..." ಎಂದು ಶುರುಮಾಡಿದರು.

"ಅಮ್ಮಾ, ನನ್ನ ಮುಖ ಆಮೇಲೆ ನೋಡುವಿರಂತೆ. ಸ್ವಲ್ಪ ಈಚೆಗೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

ತೆಲುಗಿನಲ್ಲಿ ಹೇಳಿದೆ. ಈಚೆಗೆ ಬಂದರು. ಆಮೇಲೆ ಅವರು ಏನು ಮಾಡಿದರೋ ಗೊತ್ತಿಲ್ಲ, ನನಗೆ ಕೆಲಸವಿತ್ತು.

ವಿಜಯಲಕ್ಷ್ಮಿ, "ಕನ್ನಡಿ ಕೊಡಿ ಆಂಟೀ" ಎಂದು ಕೇಳುತ್ತಲೇ ಇದ್ದಳು.

"ಬೇಡ. ಈ ಕೋಣೆಯಲ್ಲಿ ಇರೋದು ಕನ್ನಡಿಯಲ್ಲ, ಬೀರು. ನನ್ನನ್ನೇ ನೋಡ್ತಾ ಕೂತ್ಕೋ, ತಲೆ ಅಲ್ಲಾಡಿಸಬೇಡ."

ಕೂತಳು. ತೆಳುವಾಗಿ ಹಚ್ಚಿದೆ, ಕಲೆಗಳ ಮೇಲೆ ಮಾತ್ರ ಬೆರಳಿನಿಂದ ಒತ್ತಿದೆ, ಕೆನ್ನೆಯ ಉಳಿದ ಭಾಗವನ್ನು ಹಾಗೇ ಬಿಟ್ಟೆ. ಕಾಡಿಗೆ ಗಂಗಾಭವಾನಿಯೇ ಹಚ್ಚಿದಳು. ಅವಳ ಕೈ ನನಗಿಂತ ಹಗುರ, ಅದನ್ನು ಅವಳಿಗೆ ಅಲ್ಲೇ ಹೇಳಿದೆ. ಹುಡುಗಿ ಅಷ್ಟು ಹೊತ್ತೂ ನನ್ನ ಮೇಲಿನ ಕಣ್ಣು ಕೀಳಲಿಲ್ಲ. ಕೊನೆಗೆ ಅಳು ನಿಂತು ಉಸಿರು ಸಮವಾಯಿತು.

"ಚೆನ್ನಾಗಿದ್ದೀನಾ?" ಎಂದಳು.

"ಚೆನ್ನಾಗಿದ್ದೀಯ."

ಕನ್ನಡಿ ಕೇಳದೆಯೇ ಎದ್ದು ಹೋದಳು.

ಊಟಕ್ಕೆ ಬಹಳ ತಡವಾಯಿತು. ಎರಡನೇ ಪಂಕ್ತಿಯಲ್ಲಿ ಇವರೂ ಶಾರದಾಳೂ ಬಂದು ಸೇರಿಕೊಂಡರು. ಗೋಂಗೂರ ಸೊಪ್ಪಿನ ಪಚ್ಚಡಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಎದುರು ಸಾಲಿನಲ್ಲಿ ಕೋಟೇಶ್ವರಮ್ಮ ಕೂತಿದ್ದರು. ಪಾಯಸ ಬಡಿಸುವವನಿಗೆ ನನ್ನ ಕಡೆ ಕೈ ತೋರಿಸಿ, "ಆವಿಡಕಿ ವೇಯಿ" ಎಂದು ಹೇಳಿದರು. ಆಕೆಗೆ ಬಡಿಸು ಎಂದು. ಸಿಹಿ ಜಾಸ್ತಿಯಾಗಿತ್ತು.

ಜೂನ್ ೧೨

ಗಂಗಾಭವಾನಿ ವಾಪಸು ಹೋದಳು. ರೈಲು ಬರುವ ಮುಂಚೆ ಪ್ಲಾಟ್‌ಫಾರಮ್ಮಿನಲ್ಲಿ, "ಅಕ್ಕಾ, ಒಂದು ಮಾತು ಕೇಳಿದರೆ ಬೇಜಾರು ಮಾಡ್ಕೋತೀರಾ?" ಎಂದಳು. ಕೇಳುವ ಮುಂಚೆಯೇ ಗೊತ್ತಾಯಿತು. ಪಾರ್ಲರನ್ನು ಅವಳೇ ನಡೆಸುತ್ತಾಳಂತೆ, ಹೆಸರು ನನ್ನದೇ ಇರಲಂತೆ.

"ಹೆಸರೂ ಬದಲಾಯಿಸ್ಕೋ" ಎಂದೆ.

ಅವಳು ಅತ್ತಳು. ರೈಲು ಹೊರಟ ಮೇಲೆ ಎಷ್ಟೋ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಚಿತ್ರದುರ್ಗ ಬಿಟ್ಟ ಒಂಬತ್ತು ವರ್ಷದಲ್ಲಿ ನಾನು ಮಾಡಿದ್ದು ಅದೊಂದೇ. ಆ ಕನ್ನಡಿ ಕೂಡ ಅಲ್ಲೇ ಇರಲಿ, ಆ ಗೋಡೆಗೆಂದೇ ಮಾಡಿಸಿದ್ದು. ಇಷ್ಟು ಸುಸ್ತು ಯಾವತ್ತೂ ಆಗಿರಲಿಲ್ಲ.

ಜೂನ್ ೨೭

ಏನೂ ಬರೆಯುವಂಥದ್ದಿಲ್ಲ. ಮಳೆ ಬರುತ್ತದೆನ್ನುತ್ತಾರೆ, ಬರೀ ಸೆಕೆ. ಶಾರದಾಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ಅವಳ ರೂಮಿನ ಹುಡುಗಿಯರು ಐದು ಜನ, ಎಲ್ಲರಿಗೂ ಹುಬ್ಬು ತಿದ್ದಬೇಕಂತೆ. ದಾರ ಇರಲಿಲ್ಲ, ವಾರ್ಡನ್ನಿನ ಹೊಲಿಗೆ ಪೆಟ್ಟಿಗೆಯಿಂದ ತಂದರು. ಮಧ್ಯೆ ಮಧ್ಯೆ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಐದೂ ಮುಗಿಸುವಷ್ಟರಲ್ಲಿ ಕೊನೆಯ ಬಸ್ಸು ತಪ್ಪಿತು. ಆಟೋದವನು ಬಾಯಿಗೆ ಬಂದಷ್ಟು ಕೇಳಿದ.

ಜುಲೈ ೧೨

ಕೆಳಗಿನ ಪಾತ್ರೆ ಅಂಗಡಿಯವರ ಹಿಂಬದಿಯ ಕೋಣೆ ಖಾಲಿ ಬಿದ್ದಿದೆ. ಹೆಂಗಸರು ಅಂಗಡಿಯೊಳಗಿಂದ ಬರಬೇಕಾಗಿಲ್ಲ, ಪಕ್ಕದ ಗಲ್ಲಿಗೆ ಬೇರೆ ಬಾಗಿಲಿದೆ. ಗೋಡೆಗೆ ನೀರು ಇಳಿದು ಬಣ್ಣ ಎದ್ದಿದೆ. ಮೊದಲು ಅದನ್ನು ಕೆರೆಸಬೇಕು. ನೀರಿನ ನಲ್ಲಿ ದೂರ. ಕಿಟಕಿ ಉತ್ತರಕ್ಕಿದೆ, ಅದೊಂದು ಒಳ್ಳೆಯದು, ದಿನವೆಲ್ಲ ಒಂದೇ ಥರ ಬೆಳಕು. ಮತ್ತೆ ಶುರುವಿನಿಂದ ಒಂದು ಪಾರ್ಲರ್ ಕಟ್ಟಬೇಕಲ್ಲ.

ಡಾಕ್ಟರ ಹತ್ತಿರ ಹೋಗಿದ್ದೆ. ಇನ್ನು ಇಷ್ಟೇ ಇರಬಹುದು ಎಂದರು. ಕಣ್ಣು ಮುಚ್ಚುತ್ತದೆ, ಬಾಯಿ ಸ್ವಲ್ಪ ಎಳೆಯುತ್ತದೆ, ನಕ್ಕರೆ ಎಡಗಣ್ಣು ಕಿರಿದಾಗುತ್ತದೆ. ಬರುವಾಗ ಸುಣ್ಣ ಬಳಿಯುವವನನ್ನು ನೋಡಿ ಬಂದೆ, ನಾಳೆ ಬರುತ್ತಾನಂತೆ.

ಜುಲೈ ೧೪

ಸುಣ್ಣ ಬಳಿಯುವವನು ಬರಲಿಲ್ಲ.

ಆಗಸ್ಟ್ ೭, ಶನಿವಾರ

ಇವರ ಬ್ಯಾಂಕು ಅರ್ಧ ದಿನ. ಇಬ್ಬರೂ ಗಾಜಿನ ಅಂಗಡಿಗೆ ಹೋದೆವು. ಅಂಗಡಿ ಉದ್ದಕ್ಕೆ, ಒಳಗೆ ಸುರಂಗದ ಹಾಗಿದೆ. ಎರಡೂ ಗೋಡೆಗೆ ನೆಲದಿಂದ ತಲೆಯವರೆಗೆ ಕನ್ನಡಿಗಳನ್ನು ಒರಗಿಸಿಟ್ಟಿದ್ದಾರೆ. ದೊಡ್ಡವು, ಸಣ್ಣವು, ಕಟ್ಟು ಹಾಕಿದವು, ಹಾಕದವು. ನಾನು ಒಂದೊಂದರ ಮುಂದೂ ನಿಂತು ನೋಡುತ್ತಾ ಒಳಗಿನವರೆಗೂ ಹೋಗಿ ವಾಪಸು ಬಂದೆ. ಇವರು ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. "ಕಾಲು ನೋಯ್ತಿದ್ರೆ ಸ್ಟೂಲ್ ಮೇಲೆ ಕೂತ್ಕೊಳ್ಳಿ" ಎಂದೆ. ಕೂರಲಿಲ್ಲ. ಯಾಕೋ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಅಲ್ಲಿ ಧೂಳು ಜಾಸ್ತಿ.

"ಎಲ್ಲದರಲ್ಲೂ ನೋಡಿದೆಯಲ್ಲ," ಎಂದರು. "ಏನು ಕಾಣಿಸ್ತು?"

"ಮೊದಲಿನ ಸಾಲು ಬರೀ ತೆಳು ಗಾಜು. ಆ ದೊಡ್ಡದಕ್ಕೆ ಕೆಳಗಿನ ಮೂಲೆಯಲ್ಲಿ ಅಲೆ ಇದೆ, ಬಾಗಿಲಿನ ಚೌಕಟ್ಟು ಸೊಟ್ಟ ಕಾಣುತ್ತೆ. ಆ ಕಪ್ಪು ಕಟ್ಟಿನದರ ಅಂಚಿನಲ್ಲಿ ರಸ ಈಗಲೇ ಎದ್ದಿದೆ. ಒಳಗಡೆ ಕೊನೆಯಲ್ಲಿ ಒಂದಿದೆ, ಕಟ್ಟಿಲ್ಲದ್ದು. ಅದರಲ್ಲಿ ಫ್ಯಾನಿನ ರೆಕ್ಕೆ ನೇರವಾಗಿ ಕಾಣುತ್ತೆ. ಅದೇ ಇರಲಿ."

ಅವರು ಸರಿ ಎಂದರು. ಆಮೇಲೆ ದಾರಿಯಲ್ಲಿ ಮಲ್ಲಿಗೆ ಕೊಂಡರು. ಈ ಸೆಕೆಗೆ ಅದು ಮನೆ ಮುಟ್ಟುವಷ್ಟರಲ್ಲೇ ಬಾಡಿತು.

ಸೋಮವಾರ ತಂದುಕೊಡುತ್ತಾರಂತೆ. ಗಲ್ಲಿಯ ಬಾಗಿಲಿನಿಂದ ಅಷ್ಟು ದೊಡ್ಡ ಗಾಜು ಒಳಗೆ ಹಿಡಿಯುತ್ತದೋ ಇಲ್ಲವೋ. ಅಳತೆ ತೆಗೆದುಕೊಂಡು ಹೋಗಬೇಕಿತ್ತು.